ಕಂಠ ಒಬ್ಬರದು, ತುಟಿ ಇನ್ನೊಬ್ಬರದು

ಗಾಯಕನಿಗೆ ಕಂಠ ಮುಖ್ಯವೋ ಮುಖ ಮುಖ್ಯವೋ ಎಂಬ ಜಗಳವನ್ನು ಜರ್ಮನಿಯ ಸಂಗೀತ ನಿರ್ಮಾಪಕ ಫ್ರಾಂಕ್ ಫಾರಿಯಾನ್ ಸಾಹೇಬರು ಸಲೀಸಾಗಿ ಬಗೆಹರಿಸಿದರು. ಕಂಠ ಯಾರದಾದರೂ ಇರಲಿ, ಮುಖ ಯಾರದಾದರೂ ಇರಲಿ, ಗಲ್ಲಾಪೆಟ್ಟಿಗೆಯ ಕೀಲಿ ಮಾತ್ರ ತಮ್ಮ ಸೊಂಟದಲ್ಲಿರಲಿ!

ಸಾಹೇಬರು ಮೊದಲು ಕಲಿತದ್ದು ಅಡುಗೆ ಕೆಲಸ. ಒಳಗೆ ಬೇಯಿಸಿದವರು ಯಾರೆಂದು ಪಂಕ್ತಿಯಲ್ಲಿ ಕೂತವರು ಕೇಳುವುದಿಲ್ಲ ಎಂಬ ಗುಟ್ಟು ಅಲ್ಲೇ ತಿಳಿದಿರಬೇಕು. 1975ರ ಸುಮಾರಿಗೆ ‘ಬೋನಿ ಎಂ.’ ಎಂಬ ಹೆಸರಿನಲ್ಲಿ ಒಂದು ಹಾಡು ಬಂತು. ದಪ್ಪ ದನಿಯೂ ಅವರದೇ, ಕೀರಲು ದನಿಯೂ ಅವರದೇ. ಹಾಡು ಓಡಿತು, ತಂಡವನ್ನು ತೋರಿಸಿ ಎಂದು ಟೀವಿಯವರು ಬೆನ್ನು ಹತ್ತಿದರು. ತೋರಿಸಲು ತಂಡವೇ ಇರಲಿಲ್ಲ. ನಾಲ್ವರನ್ನು ಹೊಂದಿಸಿ ನಿಲ್ಲಿಸಿದರು. ಲಿಜ್ ಮಿಚೆಲ್, ಮಾರ್ಷಿಯಾ ಬ್ಯಾರೆಟ್ ನಿಜವಾಗಿ ಹಾಡಿದರು. ಬಾಬಿ ಫ್ಯಾರೆಲ್ ಕುಣಿದ, ತುಟಿ ಆಡಿಸಿದ. ‘ರಾಸ್ಪುಟಿನ್’ ಹಾಡಿನ ಆ ಗಂಡುದನಿ ಸಾಹೇಬರದು. 1976ರಲ್ಲಿ ಸ್ವಂತ ಹೆಸರಲ್ಲಿ ಹಾಡಿದ ‘ರಾಕಿ’ ಜರ್ಮನಿಯಲ್ಲಿ ಮೊದಲ ಸ್ಥಾನಕ್ಕೇರಿದ್ದೂ ಉಂಟು. ಆದರೂ ಅವರ ಕಂಠ ಲೋಕ ಸುತ್ತಿದ್ದು ಫ್ಯಾರೆಲ್‌ನ ಮುಖ ಹೊತ್ತು.

ರುಚಿ ಕಂಡ ಬೆಕ್ಕು ಸುಮ್ಮನಿರುತ್ತದೆಯೆ? 1988ರಲ್ಲಿ ‘ಮಿಲಿ ವನಿಲಿ’ ಬಂತು. ಚಾರ್ಲ್ಸ್ ಶಾ, ಜಾನ್ ಡೇವಿಸ್, ಬ್ರ್ಯಾಡ್ ಹೋವೆಲ್ ಹಾಡಿದರು. ರಾಬ್ ಪಿಲಾಟಸ್, ಫ್ಯಾಬ್ ಮೊರ್ವಾನ್ ಜಡೆ ಕುಣಿಸಿದರು. ನಮ್ಮ ರಾಜ್‌ಕುಮಾರ್ ತುಟಿಗೂ ಪಿ.ಬಿ. ಶ್ರೀನಿವಾಸ್ ಕಂಠ ಕೂಡಿತ್ತಲ್ಲವೆ ಎಂದೀರಿ. ಕೂಡಿತ್ತು, ಶ್ರೀನಿವಾಸರ ಹೆಸರು ತಟ್ಟೆಯ ಮೇಲೆ ಅಚ್ಚಾಗಿಯೂ ಇತ್ತು. ಇಲ್ಲಿ ಹಾಡಿದವರಿಗೆ ಕೂಲಿ ಸಿಕ್ಕಿತು, ಹೆಸರು ಸಿಗಲಿಲ್ಲ.

1989ರ ಜುಲೈನಲ್ಲಿ ಅಮೆರಿಕದ ಬ್ರಿಸ್ಟಲ್‌ನಲ್ಲಿ ರಾಬ್, ಫ್ಯಾಬ್ ವೇದಿಕೆಯ ಮೇಲಿದ್ದಾಗ ಧ್ವನಿಮುದ್ರಿಕೆಗೇ ಸತ್ಯ ಹೇಳುವ ಹುಕಿ ಬಂತು. ಅರ್ಧ ಸಾಲಿಗೆ ಸಿಕ್ಕಿಕೊಂಡು ಅದನ್ನೇ ಜಪಿಸತೊಡಗಿತು. ತುಟಿ ಎಷ್ಟು ಸಲ ಆಡಿಸುವುದು? ರಾಬ್ ವೇದಿಕೆ ಬಿಟ್ಟು ಓಡಿದ. ಇಷ್ಟಾದ ಮೇಲೂ 1990ರ ಫೆಬ್ರವರಿಯಲ್ಲಿ ಗ್ರ್ಯಾಮಿಯವರು ‘ಅತ್ಯುತ್ತಮ ಹೊಸ ಕಲಾವಿದ’ ಪ್ರಶಸ್ತಿ ಕೊಟ್ಟರು. ಆ ಸಮಾರಂಭದಲ್ಲೂ ಇಬ್ಬರೂ ಆಡಿಸಿದ್ದು ತುಟಿಯನ್ನೇ.

ನಾವೇ ಹಾಡುತ್ತೇವೆ ಎಂದು ಹುಡುಗರು ಹಟ ಹಿಡಿದಾಗ, ಅದೇ ವರ್ಷದ ನವೆಂಬರಿನಲ್ಲಿ ಸಾಹೇಬರು ಗುಟ್ಟು ರಟ್ಟು ಮಾಡಿದರು. ಪ್ರಶಸ್ತಿ ವಾಪಸಾಯಿತು. ಊರೆಲ್ಲ ಛೀಮಾರಿ ಹಾಕಿದ್ದು ಹುಡುಗರಿಗೆ. ಸಾಹೇಬರು ಮಾತ್ರ ನಿಜವಾಗಿ ಹಾಡಿದವರನ್ನು ಮುಂದೆ ನಿಲ್ಲಿಸಿ, ‘ಅಸಲಿ ಮಿಲಿ ವನಿಲಿ’ ಎಂದು 1991ರಲ್ಲಿ ಇನ್ನೊಂದು ಆಲ್ಬಂ ಮಾರಾಟಕ್ಕಿಟ್ಟರು! ರಾಬ್ 33ರ ಹರೆಯದಲ್ಲೇ, 1998ರಲ್ಲಿ ತೀರಿಕೊಂಡ. ಸಾಹೇಬರು 82 ವರ್ಷ ಬಾಳಿ, 2024ರಲ್ಲಿ ಮಯಾಮಿಯಲ್ಲಿ ಕಣ್ಮುಚ್ಚಿದರು.

ಹಾಡದವರಿಂದ ಪ್ರಶಸ್ತಿಯನ್ನೇನೋ ಕಿತ್ತುಕೊಂಡರು, ಸರಿ. ಕೇಳದೆ ಕೊಟ್ಟವರ ಓಟು ಮಾತ್ರ ಇನ್ನೂ ಊರ್ಜಿತದಲ್ಲಿದೆ.