ಹಾರ್ಡ್ ರಾಕೂ ನಾಲ್ಕನೇ ಜ್ವರವೂ

ನಮ್ಮೂರಿನಲ್ಲಿ ನಿಂತು "ನನಗೆ ಹಾರ್ಡ್ ರಾಕ್ ಅಂದ್ರೆ ಪ್ರಾಣ" ಎಂದು ಹೇಳಿ ನೋಡಿ. ಕೇಳಿದವರು ಮೊದಲು ನಿಮ್ಮ ಬೆನ್ನ ಹಿಂದಿನ ಬೆಟ್ಟವನ್ನು ನೋಡುತ್ತಾರೆ. ಆಮೇಲೆ ದನಿ ತಗ್ಗಿಸಿ, "ಲೈಸೆನ್ಸ್ ಆಗೈತಾ?" ಎನ್ನುತ್ತಾರೆ. ರಾಮನಗರದಲ್ಲಿ ಬಂಡೆಯ ಮೇಲೆ ಪ್ರೀತಿ ಇರುವವರು ಎರಡೇ ಬಗೆ. ಭಾನುವಾರ ಹಗ್ಗ ಹಿಡಿದು ಬೆಂಗಳೂರಿನಿಂದ ಹತ್ತಲು ಬರುವವರು ಒಬ್ಬರು, ಒಡೆಯಲು ಬರುವವರು ಇನ್ನೊಬ್ಬರು. ಬಂಡೆಯನ್ನು ಕಿವಿಯಿಂದ ಕೇಳುತ್ತೇನೆ ಎನ್ನುವವನನ್ನು ಯಾವ ಲೆಕ್ಕಕ್ಕೆ ಸೇರಿಸುವುದೆಂದು ಊರಿಗೆ ಇವತ್ತಿಗೂ ಗೊತ್ತಾಗಿಲ್ಲ.

ನಿಜ ಹೇಳಬೇಕೆಂದರೆ ಈ ಊರಿಗಿಂತ ಹಳೆಯ ಹಾರ್ಡ್ ರಾಕ್ ಬ್ಯಾಂಡ್ ಇನ್ನೊಂದಿಲ್ಲ. ಭೂವಿಜ್ಞಾನದವರು ನಮ್ಮ ಬೆಟ್ಟಗಳನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದದ ಪಟ್ಟಿ. ಪಟ್ಟಿ ಎಂದರೂ ಬ್ಯಾಂಡೇ ತಾನೆ. ಕ್ಲೋಸ್‌ಪೇಟ್ ನಮ್ಮೂರಿನದೇ ಹಳೆಯ ಹೆಸರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಎಂಬ ದೊರೆಯ ನೆನಪಿಗೆ ಇಟ್ಟದ್ದು. ಅದಕ್ಕೂ ಮುಂಚೆ, ಟಿಪ್ಪುವಿನ ಕಾಲದಲ್ಲಿ, ಶಂಸೇರಾಬಾದ್. ಆಮೇಲೆ ರಾಮನಗರ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ನಮ್ಮದೇ ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆಯೇ ಬೆಂಗಳೂರು ದಕ್ಷಿಣವಾಯಿತು. ನನ್ನ ಪ್ರೀತಿಯ ಬ್ಯಾಂಡು ಡೀಪ್ ಪರ್ಪಲ್ಲಿನದೂ ಇದೇ ಕತೆ. ಗಾಯಕ ಹೋದ, ಇನ್ನೊಬ್ಬ ಬಂದ, ಗಿಟಾರಿನವನು ಮುನಿಸಿಕೊಂಡ, ಹಳಬ ವಾಪಸಾದ. ಅಭಿಮಾನಿಗಳು ಒಂದೊಂದು ತಂಡವನ್ನೂ ಮಾರ್ಕ್ ಒಂದು, ಮಾರ್ಕ್ ಎರಡು ಎಂದು ಎಣಿಸುತ್ತಾರೆ. 1968ರಿಂದ ಎಲ್ಲ ಆಲ್ಬಮ್ಮುಗಳಲ್ಲೂ ಅಲ್ಲಾಡದೆ ಕೂತವನು ಡ್ರಮ್ಮಿನ ಇಯಾನ್ ಪೇಸ್ ಒಬ್ಬನೇ. ನಮ್ಮಲ್ಲಿ ಆ ಕೆಲಸ ರಾಮದೇವರ ಬೆಟ್ಟದ್ದು.

ಈಚೆಗೆ ಹಬ್ಬಕ್ಕೆ ಬಂದ ಮಾಗಡಿಯ ಬಾಮೈದ ಒಬ್ಬಟ್ಟಿನ ಮೇಲೆ ತುಪ್ಪ ಬಿಡಿಸಿಕೊಳ್ಳುತ್ತಾ, "ಭಾವ, ನಲವತ್ತು ವರ್ಷದಿಂದ ಕೇಳ್ತಿದೀರಲ್ಲ, ಇವರ ಆಲ್ಬಮ್‌ಗಳನ್ನ ಒಂದು, ಎರಡು, ಮೂರು ಅಂತ ಸಾಲಾಗಿ ಜೋಡಿಸಿ ನೋಡಾಣ" ಎಂದ. 2024ರಲ್ಲಿ ಬಂದದ್ದೂ ಸೇರಿ ಸ್ಟುಡಿಯೋ ಆಲ್ಬಮ್ಮುಗಳೇ 23. ಹುಡುಗಾಟವೇ? ಆದರೆ ಅವನು ಸಾವನದುರ್ಗದ ಕಡೆಯವನು. 1226 ಮೀಟರ್ ಎತ್ತರದ, ಏಷ್ಯಾದ ದೊಡ್ಡ ಏಕಶಿಲೆಗಳಲ್ಲಿ ಒಂದೆಂಬ ಬೆಟ್ಟವನ್ನು ಬೆಳಿಗ್ಗೆ ಎದ್ದೊಡನೆ ನೋಡಿ ಬೆಳೆದವರಿಗೆ ಯಾವುದನ್ನು ಕಂಡರೂ ಮೊದಲು ಅಳೆಯುವ ಚಟ. ನಾನು ಹಿಂದೆಗೆದರೆ ರಾಮನಗರದ ಮಾನದ ಪ್ರಶ್ನೆ.

ಒಂದನೇ ಸ್ಥಾನಕ್ಕೆ ನಾನು ಯೋಚಿಸಲೇ ಇಲ್ಲ. 1970ರ 'ಇನ್ ರಾಕ್'. ಅಮೆರಿಕದ ರಶ್‌ಮೋರ್ ಬೆಟ್ಟದಲ್ಲಿ ನಾಲ್ಕು ಅಧ್ಯಕ್ಷರ ಮುಖ ಕೆತ್ತಿದ್ದಾರಲ್ಲ, ಆ ಜಾಗದಲ್ಲಿ ಬ್ಯಾಂಡಿನ ಐದು ಜನರ ಮುಖ ಇರುವ ಹೊದಿಕೆ ಅದರದು. ಬೆಂಗಳೂರಿನ ಕಾರ್ಖಾನೆಯಲ್ಲಿದ್ದ ಚಿಕ್ಕಪ್ಪ ಶನಿವಾರದ ಪ್ಯಾಸೆಂಜರಿನಲ್ಲಿ ಬಂದಿಳಿದು ಕ್ಯಾಸೆಟ್ಟನ್ನು ಕೈಗಿತ್ತಾಗ ನನಗೆ ಹದಿಮೂರು. ರಶ್‌ಮೋರ್ ಯಾರಿಗೆ ಗೊತ್ತು? ಅದು ನಮ್ಮ ರಾಮದೇವರ ಬೆಟ್ಟವೇ ಎಂದುಕೊಂಡೆ. ಆ ಐದು ಮುಖ ಬೆಟ್ಟದ ಆಚೆ ಬದಿಗೆ, ನಾವು ಹೋಗದ ಕಡೆ, ಇರಬೇಕೆಂದು ಎರಡು ಭಾನುವಾರ ಹುಡುಕಿದ್ದೇನೆ. ಸಿಕ್ಕಿದ್ದು ಒಂದು ರಣಹದ್ದು. ಅದು ನನ್ನನ್ನು ಸಾಯಲು ಬಂದವನೋ ಎಂಬಂತೆ ಬಹಳ ಹೊತ್ತು ನೋಡಿತು. ಈಗ ಆ ಬೆಟ್ಟ ರಣಹದ್ದುಗಳ ಅಭಯಾರಣ್ಯ, 2012ರಿಂದ.

ಆ ಕ್ಯಾಸೆಟ್ಟು ಅಂಗಡಿಯಲ್ಲಿ ತುಂಬಿಸಿದ್ದು. 60 ನಿಮಿಷದ್ದು, ಒಂದು ಬದಿಗೆ 30. ತುಂಬಿಸಿದ ಪುಣ್ಯಾತ್ಮ ರೆಕಾರ್ಡಿನ ಎರಡೂ ಬದಿಯನ್ನು ಒಂದೇ ಏಟಿಗೆ ಓಡಿಸಿದ್ದರಿಂದ ಐದನೇ ಹಾಡು ಅರ್ಧಕ್ಕೇ ಟಕ್ಕೆಂದು ನಿಲ್ಲುತ್ತಿತ್ತು. ಆ ಹಾಡು ಇರುವುದೇ ಹಾಗೆ, ಎಂಥ ಧೈರ್ಯದ ಮುಕ್ತಾಯ ಎಂದು ಎಷ್ಟೋ ವರ್ಷ ಮೆಚ್ಚಿಕೊಂಡಿದ್ದೆ. ಸಿ.ಡಿ. ಬಂದ ಮೇಲೆ ಪೂರ್ತಿ ಕೇಳಿದೆ. ಎಳೆದಂತಾಯಿತು.

ಆದರೆ 'ಚೈಲ್ಡ್ ಇನ್ ಟೈಮ್' ಪೂರ್ತಿ ಇತ್ತು. ಹತ್ತು ನಿಮಿಷಕ್ಕೂ ಮೀರಿದ ಹಾಡು. ಜಾನ್ ಲಾರ್ಡ್ ಹ್ಯಾಮಂಡ್ ಆರ್ಗನ್ ಮೇಲೆ ಬೆರಳಿಟ್ಟು ಮೆಲ್ಲಗೆ ಶುರು ಮಾಡುತ್ತಾನೆ, ಇಯಾನ್ ಗಿಲ್ಲನ್ ಗುನುಗುತ್ತಾನೆ, ಗುನುಗು ಕೂಗಾಗುತ್ತದೆ, ಕೂಗು ಮನುಷ್ಯರ ಗಂಟಲಿಗೆ ನಿಲುಕದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ನನಗೆ ಆಗ ನೆನಪಾದದ್ದು ನೀಲಗಾರರು. ಮಂಟೇಸ್ವಾಮಿ ಕತೆಯನ್ನು ರಾತ್ರಿಯಿಡೀ ಹಾಡುವವರು ತಂಬೂರಿ ಶ್ರುತಿಯ ಮೇಲೆ ಹೀಗೇ ತಣ್ಣಗೆ ಕೂರುತ್ತಾರೆ, ಎರಡನೇ ಜಾವದ ಹೊತ್ತಿಗೆ ದನಿ ಎಲ್ಲಿಗೆ ಏರಿರುತ್ತದೆಂದು ಅವರಿಗೂ ತಿಳಿದಿರುವುದಿಲ್ಲ. ಇದನ್ನು ಬಾಮೈದನಿಗೆ ಹೇಳಿದರೆ, "ಭಾವ, ನೀವು ಪಟ್ಟಿ ಮಾಡ್ತಿದೀರೋ ಜಾನಪದ ಲೋಕಕ್ಕೆ ಅರ್ಜಿ ಬರೀತಿದೀರೋ?" ಎಂದ.

ಅವನ ಪಕ್ಷ 1972ರ 'ಮಷೀನ್ ಹೆಡ್'. ಲೋಕವೆಲ್ಲ ಅವನ ಕಡೆಯೇ ಇದೆ, ಒಪ್ಪುತ್ತೇನೆ. ಗಿಟಾರ್ ಕೈಗೆ ಬಂದವನೆಲ್ಲ ಮೊದಲ ದಿನವೇ ನುಡಿಸಿ ಅಕ್ಕಪಕ್ಕದವರ ನಿದ್ದೆ ಕೆಡಿಸುವ 'ಸ್ಮೋಕ್ ಆನ್ ದ ವಾಟರ್' ಅದರಲ್ಲೇ ಇರುವುದು. ಅದರ ಹಿಂದಿನ ಕತೆ ಹಾಡಿಗಿಂತ ಚೆನ್ನ. 1971ರ ಡಿಸೆಂಬರ್ 4, ಸ್ವಿಟ್ಜರ್ಲೆಂಡಿನ ಮಾಂಟ್ರೋ. ಇವರು ಧ್ವನಿಮುದ್ರಣಕ್ಕೆ ಗೊತ್ತು ಮಾಡಿಕೊಂಡಿದ್ದ ಕ್ಯಾಸಿನೋದಲ್ಲಿ ಫ್ರಾಂಕ್ ಜಪ್ಪಾನ ಕಛೇರಿ ನಡೆದಿದ್ದಾಗ ಪ್ರೇಕ್ಷಕನೊಬ್ಬ ಮೇಲಕ್ಕೆ ಬೆಂಕಿಯ ಕಿಡಿ ಹಾರಿಸಿ ಕಟ್ಟಡವೇ ಉರಿದುಹೋಯಿತು. ಹೊಗೆ ಸರೋವರದ ಮೇಲೆ ಹರಡಿತು. ಇವರು ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲ್ ಹಿಡಿದು, ಓಣಿಯಂಥ ಹಜಾರದಲ್ಲಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ಅಲ್ಲೇ ನುಡಿಸಿದರು. ರೆಕಾರ್ಡಿಂಗ್ ಲಾರಿ ಹೊರಗೆ. ಮಾಡಿದ್ದು ಹೇಗೆ ಬಂದಿದೆ ಎಂದು ಕೇಳಬೇಕಾದರೆ ಕೋಣೆ, ಬಾಲ್ಕನಿಗಳನ್ನೆಲ್ಲ ಹಾದು ಹೋಗಬೇಕು. ಬೇಸರಪಟ್ಟು ಕೇಳುವುದನ್ನೇ ಬಿಟ್ಟರಂತೆ. ಲೋಕ ಅತ್ಯುತ್ತಮವೆನ್ನುವ ಅವರ ಆಲ್ಬಮ್ ಹುಟ್ಟಿದ್ದು ಹಿಂದಿರುಗಿ ಕೇಳುವ ಸೋಮಾರಿತನದಿಂದ ಎಂಬುದು ನನಗೆ ಬಹಳ ಸಮಾಧಾನ ಕೊಡುವ ವಿಷಯ.

ಮಷೀನ್ ಹೆಡ್ ಎಂದರೆ ಗಿಟಾರಿನ ತಂತಿ ಬಿಗಿಯುವ ಬಿರಡೆ. ನಾನು ಮಾತ್ರ ಬೋರ್‌ವೆಲ್ ಪಂಪಿನ ಭಾಗವೆಂದೇ ನಂಬಿದ್ದೆ. ಎರಡನೇ ಸ್ಥಾನ ಕೊಟ್ಟೆ. ಬಾಮೈದ ಒಬ್ಬಟ್ಟು ಬಿಟ್ಟು ಎದ್ದ. ಅವನ ಅಕ್ಕ ಒಳಗಿನಿಂದ, "ತಟ್ಟೇಲಿ ಬಿಟ್ಟು ಎದ್ದೀಯ ಹುಷಾರ್" ಎಂದಳು. ಕೂತ.

ಮೂರಕ್ಕೆ 1974ರ 'ಬರ್ನ್'. ಗಿಲ್ಲನ್ ಬಿಟ್ಟುಹೋದ ಮೇಲೆ ಜಾಹೀರಾತು ನೋಡಿ ಬಂದವನು ಡೇವಿಡ್ ಕವರ್‌ಡೇಲ್, ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದವನು. ಸೀರೆ ಬಿಚ್ಚಿ ಹಾಸುವ ಹುಡುಗ ನಾಳೆ ಬೆಳಿಗ್ಗೆ ದೊಡ್ಡ ಬ್ಯಾಂಡಿಗೆ ಹಾಡಬಹುದು ಎಂಬ ಒಂದೇ ಕಾರಣಕ್ಕೆ ರೇಷ್ಮೆಯೂರಿನವನಾದ ನಾನು ಅದಕ್ಕೆ ಕೃಪಾಂಕ ಕೊಟ್ಟಿದ್ದೇನೆ. 1975ರ 'ಕಮ್ ಟೇಸ್ಟ್ ದ ಬ್ಯಾಂಡ್' ಬಗ್ಗೆ ಹೆಚ್ಚು ಹೇಳಲಾರೆ. ಆ ವರ್ಷ ನಮ್ಮ ಬಂಡೆಗಳು ಬೇರೆ ಕೆಲಸದಲ್ಲಿದ್ದವು. ಆಗಸ್ಟ್ 15ಕ್ಕೆ 'ಶೋಲೆ' ಬಿಡುಗಡೆಯಾಗಿ, ಊರಿನ ಪ್ರತಿ ಮನೆಯಲ್ಲೂ ಒಬ್ಬರು ಗಬ್ಬರ್‌ಸಿಂಗನ ಹಿಂದೆ ನಿಂತಿದ್ದವರು ಹುಟ್ಟಿಕೊಂಡರು. ನಮ್ಮ ಮನೆಯಿಂದ ಚಿಕ್ಕಪ್ಪ. ಯಾವ ದೃಶ್ಯ ಎಂದು ಕೇಳಿದರೆ, "ಧೂಳಲ್ಲಿ ಕಾಣಕ್ಕಿಲ್ಲ ಕಣ್ಲಾ" ಎನ್ನುತ್ತಿದ್ದ. ಒಂಬತ್ತು ವರ್ಷ ಬಿಟ್ಟು ಡೇವಿಡ್ ಲೀನ್‌ನ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲಿ ಸಾವನದುರ್ಗ ಬಂತು, ಅದೇ 1984ರಲ್ಲಿ ಹಳೆಯ ಐವರೂ ಕೂಡಿಕೊಂಡು 'ಪರ್ಫೆಕ್ಟ್ ಸ್ಟ್ರೇಂಜರ್ಸ್' ತಂದರು. ನಾಲ್ಕನೇ ಸ್ಥಾನ ಅದಕ್ಕೆ. ಬಾಮೈದ ಸುಮ್ಮನಿದ್ದ. ಆ ವರ್ಷ ಅವನ ಬೆಟ್ಟದ್ದೂ ತಾನೆ.

ನಮ್ಮಜ್ಜಿಗೆ ಇವೆಲ್ಲ ಒಂದೇ. "ಅದೇನ್ಲಾ ಮಗ, ರಾಗಿ ಮಿಲ್‌ಗೆ ಕಲ್ಲು ಬಿದ್ದಂಗೆ" ಎಂಬುದು ಅವಳ ವಿಮರ್ಶೆ. 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ 117 ಡೆಸಿಬಲ್ ಮುಟ್ಟಿಸಿ ಗಿನ್ನೆಸ್ ಪುಸ್ತಕ ಸೇರಿದ ಬ್ಯಾಂಡಿನ ಬಗ್ಗೆ ಇದಕ್ಕಿಂತ ನಿಖರವಾಗಿ ಹೇಳುವುದು ಕಷ್ಟ. ಆದರೆ ಬ್ಯಾಂಡಿಗೆ ಆ ಹೆಸರು ಬಂದದ್ದೇ ಒಬ್ಬ ಅಜ್ಜಿಯಿಂದ. ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್‌ನ ಅಜ್ಜಿಗೆ ಪ್ರಿಯವಾಗಿದ್ದ ಹಳೆಯ ಹಾಡಿನ ಹೆಸರು 'ಡೀಪ್ ಪರ್ಪಲ್'. ಇದನ್ನು ನಮ್ಮಜ್ಜಿಗೆ ತಿಳಿಸಿದೆ. "ಆಯಮ್ಮ ಇವರು ಬಾರ್ಸಾದು ಕೇಳೋಕ್ ಮುಂಚೆ ಹೋಗ್ಬುಟ್ಳೇನೋ, ಪುಣ್ಯವಂತೆ" ಎಂದಳು.

ಹುಳು ಮನೆಯ ಹತ್ತಿರ ಟೇಪ್‌ರೆಕಾರ್ಡರ್ ತರಕೂಡದೆಂಬುದು ಅಜ್ಜಿಯ ಕಾನೂನು. ಸದ್ದಿಗೆ ಹುಳ ಬೆಚ್ಚುತ್ತದೆಂದು ಅವಳ ನಂಬಿಕೆ. ರೇಷ್ಮೆ ಸಾಕದವರಿಗೆ ಒಂದು ಮಾತು: ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ. ಜ್ವರದಲ್ಲಿ ಹುಳ ಸೊಪ್ಪು ಮುಟ್ಟದೆ ತಲೆ ಎತ್ತಿ ಮಲಗಿರುತ್ತದೆ. ನಾಲ್ಕನೇ ಜ್ವರ ಎದ್ದಿತೋ, ಮನೆಮಂದಿಗೆ ನಿದ್ದೆ ಇಲ್ಲ. ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಸುರಿಯಬೇಕು. ತಿನ್ನುವ ಸದ್ದು ಹೆಂಚಿನ ಮೇಲೆ ಸೋನೆಮಳೆ ಬಿದ್ದಹಾಗೆ. ವಾರ ಕಳೆದು ಹುಳ ಹಣ್ಣಾಗುತ್ತದೆ, ಅಂದರೆ ಮೈ ತಿಳಿಯಾಗಿ ತಿನ್ನುವುದು ಬಿಡುತ್ತದೆ. ಆಗ ಆಯ್ದಾಯ್ದು ಗೂಡು ಕಟ್ಟುವ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡದಿದ್ದರೆ ಸಿಕ್ಕಲ್ಲೇ ನೂಲು ಉಗಿದು ಬೆಳೆ ಹಾಳು.

ಡೀಪ್ ಪರ್ಪಲ್ ಬೆಂಗಳೂರಿಗೆ ಬಂದದ್ದು ನಮ್ಮ ಹುಳ ಹಣ್ಣಾದ ದಿನ. ಹತ್ತಿರ ಹತ್ತಿರ ಐವತ್ತು ಕಿಲೋಮೀಟರ್ ದೂರದಲ್ಲಿ ಅವರು, ಜೇಬಿನಲ್ಲಿ ಟಿಕೆಟ್, ಮನೆಯಲ್ಲಿ ನೂರು ಮೊಟ್ಟೆಯ ಬೆಳೆ. ನೂರು ಮೊಟ್ಟೆ ಎಂದರೆ ನೂರೇ ಹುಳವಲ್ಲ, ಒಂದೊಂದು ಚಿಟ್ಟೆ ಇಟ್ಟ ಮೊಟ್ಟೆಗಳದ್ದೇ ಒಂದೊಂದು ಲೆಕ್ಕ. ಒಟ್ಟು ನಲವತ್ತು ಸಾವಿರದಷ್ಟು ಹುಳ. ಆಳುಗಳಿಬ್ಬರು ಕಬ್ಬಾಳಮ್ಮನ ಜಾತ್ರೆಗೆಂದು ಕನಕಪುರದ ಕಡೆ ಹೋಗಿದ್ದರು. ಅಪ್ಪ ಏನೂ ಅನ್ನಲಿಲ್ಲ. ನನ್ನ ಕಡೆ ಒಂದು ತಟ್ಟೆ ಸರಿಸಿದರು, ಅಷ್ಟೆ. ಟಿಕೆಟ್ ಕನಕಪುರದ ಸಹಪಾಠಿಗೆ ಹೋಯಿತು.

ಆವತ್ತು ನಡುರಾತ್ರಿಯ ತನಕ ಹುಳ ಆಯ್ದೆ. ಕೊನೆಯ ಚಂದ್ರಿಕೆ ತುಂಬಿ ಬೆನ್ನು ನೆಟ್ಟಗೆ ಮಾಡಿಕೊಂಡು ಬ್ಯಾಟರಿ ಬಿಟ್ಟು ನೋಡಿದರೆ, ಸಾಲು ಸಾಲು ಚಂದ್ರಿಕೆಗಳಲ್ಲಿ ನಲವತ್ತು ಸಾವಿರ ತಲೆಗಳು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ನೂಲುವಾಗ ಹುಳ ಇಂಗ್ಲಿಷಿನ ಎಂಟರ ಆಕಾರದಲ್ಲಿ ತಲೆ ಆಡಿಸುತ್ತದೆ. ಅರಮನೆ ಮೈದಾನದಲ್ಲಿ ಅಷ್ಟು ತಲೆ ಅಷ್ಟು ಶ್ರದ್ಧೆಯಿಂದ ಆಡಿರಲಾರವು. ಮರುದಿನ ಬಂದ ಸಹಪಾಠಿ, "ಜನ ಹುಚ್ಚೆದ್ದು ತಲೆ ಹಾಕಿದ್ರು ಗುರು, ನೀನು ನೋಡ್ಬೇಕಿತ್ತು" ಎಂದ. ನೋಡಿದೆ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಐದರಿಂದ ಇಪ್ಪತ್ಮೂರರವರೆಗಿನ ಪಟ್ಟಿಯನ್ನು ಇಲ್ಲಿ ಪೂರ್ತಿ ಬರೆಯುವುದಿಲ್ಲ. ಬರೆದರೆ ಓದುಗರಲ್ಲಿ ಒಬ್ಬರಾದರೂ 'ಫೈರ್‌ಬಾಲ್' ಐದನೆಯದೇ ಎಂದು ಮನೆಗೆ ಬರುತ್ತಾರೆ. ಚನ್ನಪಟ್ಟಣದ ನನ್ನ ಗೆಳೆಯ, ಆಲೆ ಮರದಲ್ಲಿ ಬೊಂಬೆ ಕಡೆಯುವವನು, ನನ್ನ ಗೋಳು ನೋಡಲಾರದೆ ಕೋಲಿಗೆ ಬಳೆ ಪೋಣಿಸುವ ಆಟಿಕೆಯೊಂದನ್ನು ನೇರಳೆ ಅರಗು ಹಚ್ಚಿ ಮಾಡಿಕೊಟ್ಟ. ಒಂದೊಂದು ಬಳೆಗೂ ಒಂದೊಂದು ಆಲ್ಬಮ್ ಅಂದುಕೊಂಡು ಜೋಡಿಸಬೇಕು. ಅದರಲ್ಲಿ ಬಳೆಗಳು ಒಂಬತ್ತೇ. ಹದಿನಾಲ್ಕು ಆಲ್ಬಮ್ ಉಳಿದವು. "ಉಳಿದಿದ್ದು ಕೇಳ್ಬೇಡ" ಎಂದ. ವಿಮರ್ಶಕನಾಗಬೇಕಿದ್ದವನು.

ಕಡೆಯ ಸ್ಥಾನದ ಬಗ್ಗೆ ಮಾತ್ರ ಬಾಮೈದನಿಗೂ ನನಗೂ ಜಗಳವಿರಲಿಲ್ಲ: 1990ರ 'ಸ್ಲೇವ್ಸ್ ಅಂಡ್ ಮಾಸ್ಟರ್ಸ್'. ಅಂಗಡಿಯಿಂದ ಹೊಸದಾಗಿ ಕೊಂಡ ಕ್ಯಾಸೆಟ್ಟು, ಎರಡು ಸಲ ಕೇಳಿ ಇಟ್ಟದ್ದು. ಜಗಳದ ಕಾವಿನಲ್ಲಿ ಪೆಟ್ಟಿಗೆ ತೆಗೆದು ಎಲ್ಲ ಕ್ಯಾಸೆಟ್ಟನ್ನೂ ಜಗಲಿಯ ಮೇಲೆ ಪಟ್ಟಿಯ ಪ್ರಕಾರ ಹರಡಿದ್ದೆವು. ಆಗ ರೀಲರ್ ಗೆಳೆಯ ಮಾರುಕಟ್ಟೆ ಮುಗಿಸಿಕೊಂಡು ಬಂದ. ಏಷ್ಯಾದಲ್ಲೇ ದೊಡ್ಡದೆಂದು ನಾವು ಹೇಳಿಕೊಳ್ಳುವ ಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಲಾಟು ಹಿಡಿದವನು. ಈಗ ಕೂಗು ಹರಾಜು ಹೋಗಿ ಬೆಲೆಯನ್ನು ಮೊಬೈಲಿನಲ್ಲಿ ಒತ್ತುತ್ತಾರೆ. ಆದರೂ ಗೂಡನ್ನು ಹಿಡಿಯಲ್ಲಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುವುದನ್ನು ಯಾವ ಮೊಬೈಲೂ ಬಿಡಿಸಿಲ್ಲ. ಒಳಗಿನ ಹುಳ ಗಟ್ಟಿಯಾಗಿದ್ದರೆ ಗಲಗಲ ಎನ್ನುತ್ತದೆ. ಸತ್ತು ಕರಗಿದ್ದರೆ ಗೋಡೆಗೆ ಅಂಟಿಕೊಂಡು ಸದ್ದಿಲ್ಲ.

"ಇದೇನ್ ಲಾಟು?" ಎಂದ. ವಿಷಯ ಹೇಳಿದೆವು. ಅವನು 'ಇನ್ ರಾಕ್' ಕೈಗೆತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದ. ನಲವತ್ತು ವರ್ಷ ಓಡಿ, ಸುತ್ತಿಕೊಂಡು, ಪೆನ್ಸಿಲ್ಲಿನಿಂದ ಬಿಗಿಸಿಕೊಂಡು ಅದು ಕಲ್ಲಾಗಿತ್ತು. "ಸದ್ದಿಲ್ಲ" ಎಂದು ಕೆಳಗಿಟ್ಟ. 'ಮಷೀನ್ ಹೆಡ್'. "ಇದೂ ಹೋಗೈತೆ." ಬಾಮೈದನ ಮುಖ ನನ್ನದಕ್ಕಿಂತ ಸಣ್ಣದಾಯಿತು. ಸಾಲಿನ ತುದಿಗೆ ಬಂದು 'ಸ್ಲೇವ್ಸ್ ಅಂಡ್ ಮಾಸ್ಟರ್ಸ್' ಎತ್ತಿದ. ಗಲಗಲ ಗಲಗಲ.

"ನೋಡು, ಒಳ್ಳೆ ಗೂಡು ಅಂದ್ರೆ ಇದು" ಎಂದು ಗೆಳೆಯ ಅದನ್ನು ತಂದು ಸಾಲಿನ ತಲೆಗಿಟ್ಟ. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, ಒಬ್ಬಟ್ಟು ಮುಗಿದವಾ ಎಂದು ಕೇಳಿದ.