ಕಾಗದಪರ್ಣ ಮೀಮಾಂಸೆ: ಅಜೆಕಾರಿನ ಒಂದು ಗೊಂಬೆಮನೆಯ ಸಸ್ಯಶಾಸ್ತ್ರ

ಕಾರ್ಕಳ ತಾಲೂಕಿನ ಅಜೆಕಾರಿನಲ್ಲಿ ಮನೆಯೊಳಗೆ ಗಿಡ ಇಡುವ ಪದ್ಧತಿ ಪ್ರಾಚೀನವೇನಲ್ಲ. ಬಾಗಿಲು ಮುಚ್ಚಲು ಮರೆತರೆ ಕಾಡೇ ಒಳಗೆ ಬರುವ ಊರಿದು. ಕುಂಡ ಕೊಟ್ಟು ಕರೆಯುವ ಅಗತ್ಯ ಬಿದ್ದಿರಲಿಲ್ಲ. ಹಾಗಾಗಿ ಪ್ರಬಂಧಕಾರನು ತಂಗಿಯ ಮಗಳ ಗೊಂಬೆಮನೆಗೆಂದು ಕಾಗದದ ಮನಿಪ್ಲಾಂಟ್ ಮಾಡಲು ಕುಳಿತಾಗ ದೊಡ್ಡಮ್ಮ ಎತ್ತಿದ ಪೂರ್ವಪಕ್ಷವನ್ನು ಯಥಾವತ್ತಾಗಿ ದಾಖಲಿಸುವುದು ಶಾಸ್ತ್ರಧರ್ಮ: "ಎಂತ ಮಾರಾಯ, ಹಿತ್ತಿಲಲ್ಲಿ ಇರುವುದು ಸಾಕಾಗ್ಲಿಲ್ವಾ ನಿಂಗೆ?"

ಉತ್ತರಪಕ್ಷ ವ್ಯುತ್ಪತ್ತಿಯಿಂದ ಶುರುವಾಗಲಿ. ಪತ್ರವೆಂದರೆ ಎಲೆ, ಪತ್ರವೆಂದರೆ ಕಾಗದ. ಓಲೆಯೆಂದರೆ ತಾಳೆಗರಿ, ಓಲೆಯೆಂದರೆ ಕರೆಯೋಲೆ. ಹಾಳೆ ಅಡಿಕೆ ಮರದಿಂದಲೂ ಬೀಳುತ್ತದೆ, ನೋಟ್‌ಬುಕ್ಕಿನಿಂದಲೂ. ಇಸ್ಪೀಟಿನಲ್ಲಿ ಹಂಚುವುದು ಕಾಗದವನ್ನಾದರೂ ಹೇಳುವುದು ಎಲೆ ಅಂತಲೇ. (ಈ ಕೊನೆಯ ಆಧಾರವನ್ನು ದೊಡ್ಡಮ್ಮನ ಮುಂದೆ ಮಂಡಿಸಲಿಲ್ಲ.) ತುಳುನಾಡಿನ ತಾಳೆಗರಿ ಗ್ರಂಥಗಳಲ್ಲಿ ಎಲೆಯು ಶತಮಾನಗಟ್ಟಲೆ ಕಾಗದದ ಚಾಕರಿ ಮಾಡಿತು, ಈಗ ಕಾಗದವು ಎಲೆಯ ಚಾಕರಿ ಮಾಡಿ ಆ ಸಾಲ ತೀರಿಸುತ್ತಿದೆ ಎಂಬುದೇ ನಮ್ಮ ಸಿದ್ಧಾಂತ. ಮಧ್ವಾಚಾರ್ಯರ ಉಡುಪಿಗೆ ಇಷ್ಟು ಹತ್ತಿರ ಕುಳಿತು ಎಲೆಗೂ ಕಾಗದಕ್ಕೂ ಅಭೇದ ಹೇಳುವುದರ ಅಪಾಯ ನಮಗೆ ತಿಳಿಯದ್ದಲ್ಲ.

ಇನ್ನು ಪ್ರಮಾಣವಿಚಾರ. ಗೊಂಬೆಮನೆಗಳಲ್ಲಿ ಬಹುಮಾನ್ಯವಾದ ಅಳತೆ 1:12, ಅಂದರೆ ಅಡಿಗೆ ಇಂಚು. ಹೊಸದಿಲ್ಲಿಯ ಕೆಲಸ ಕೈಯಲ್ಲಿರುವಾಗಲೇ ಎಡ್ವಿನ್ ಲಟ್ಯೆನ್ಸ್ ರೂಪಿಸಿದ, 1924ರಲ್ಲಿ ಮುಗಿದ ರಾಣಿ ಮೇರಿಯ ಗೊಂಬೆಮನೆಗೂ ಇದೇ ಲೆಕ್ಕ. ಅದರ ಕಿರುತೋಟ ಗರ್ಟ್ರೂಡ್ ಜೆಕಿಲ್ ಅವರದು. ಈ ಲೆಕ್ಕವನ್ನು ಕಾರ್ಕಳಕ್ಕೆ ಅನ್ವಯಿಸಿದರೆ 1432ರ 42 ಅಡಿ ಗೊಮ್ಮಟ ಮೂರೂವರೆ ಅಡಿಗೆ ಇಳಿಯುತ್ತಾನೆ. ಆದರೂ ನಮ್ಮ ಗೊಂಬೆಮನೆಯ ಮಾಡು ತೆಗೆಯದೆ ನಿಲ್ಲಲಾರ.

ಮನಿಪ್ಲಾಂಟಿನ ಸಂಗತಿ ಇನ್ನೂ ಜಟಿಲ. ಪೆಸಿಫಿಕ್ ಸಾಗರದ ಮೊರೇಆ ದ್ವೀಪ ಮೂಲದ ಈ ಬಳ್ಳಿ ಕುಂಡದಲ್ಲಿ ಅಂಗೈಯಷ್ಟು ಎಲೆ ಬಿಡುತ್ತದೆ. ಅದೇ ಹಿತ್ತಿಲ ಮರ ಹತ್ತಿದರೆ ಎಲೆ ತಡ್ಪೆಯಷ್ಟು, ಅಂದರೆ ಮೊರದಷ್ಟು, ಅಗಲವಾಗಿ ಹರಿದುಕೊಳ್ಳುತ್ತದೆ. ಹಾಗಾದರೆ ಕುಂಡದ ಗಿಡವೇ ಒಂದು ಕಿರುರೂಪ. ನಾವು ಮಾಡುತ್ತಿರುವುದು ನಕಲಿನ ನಕಲು.

ಪಂಡಿತರು ಎಡವುವುದು ದಪ್ಪದಲ್ಲಿ. ಜೆರಾಕ್ಸ್ ಕಾಗದ ಸುಮಾರು 0.1 ಮಿಲಿಮೀಟರ್, ಗೊಂಬೆಯ ಕಣ್ಣಿಗೆ ಅದು 1.2 ಮಿಲಿಮೀಟರ್, ಹೆಚ್ಚುಕಡಿಮೆ ರಟ್ಟು. ಆದ್ದರಿಂದ ಸೇಬಿಗೆ ಸುತ್ತಿ ಬರುವ ತೆಳು ಕಾಗದವೇ ಶ್ರೇಷ್ಠ. ಎರಡೂ ಬದಿಗೆ ಬಣ್ಣ ಬಳಿದು, ಒಣಗಿದ ಮೇಲೆಯೇ ಕತ್ತರಿಸಬೇಕು. ಸವೆದ ಹವಾಯಿ ಚಪ್ಪಲಿಯ ಮೇಲೆ ಎಲೆಯಿಟ್ಟು, ಶಾಯಿ ಮುಗಿದ ರೀಫಿಲ್ಲಿನಿಂದ ಗೀರಿದರೆ ನಡುನರ ಮೂಡಿ ಎಲೆ ತಾನಾಗಿ ಬಾಗುತ್ತದೆ. ಅಂಚಿನ ಬಿಳುಪಿಗೆ ಮತ್ತೊಮ್ಮೆ ಹಸಿರು ಮುಟ್ಟಿಸದಿದ್ದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಕುಂಡಕ್ಕೆ ಟೂತ್‌ಪೇಸ್ಟಿನ ಮುಚ್ಚಳ, ಮಣ್ಣಿಗೆ ಒಣಗಿಸಿದ ಚಹಾದ ಚರಟ.

ಆಯುಧದ ವಿಷಯದಲ್ಲಿ ಪ್ರಬಂಧಕಾರ ಸೋತದ್ದನ್ನು ಒಪ್ಪಿಕೊಳ್ಳಬೇಕು. ಆನ್‌ಲೈನಿನಲ್ಲಿ ತರಿಸಿದ ಕತ್ತರಿಯಲ್ಲಿ ಆರು ಎಲೆ ಹಾಳಾದವು. ತಗಡಿನ ಅಳತೆಯಿಟ್ಟು ಬೀಡಿ ಎಲೆ ಕತ್ತರಿಸಿ ಆಯುಷ್ಯ ಕಳೆದ ದೊಡ್ಡಮ್ಮ, ತಡ್ಪೆ ಬದಿಗಿಟ್ಟು, ತಮ್ಮ ಬೀಡಿ ಕತ್ತರಿಯಲ್ಲಿ ನಲ್ವತ್ತು ಎಲೆ ಕತ್ತರಿಸಿಕೊಟ್ಟರು. ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಈ ವಿಧಾನ ಯಾವ ಗ್ರಂಥದಲ್ಲೂ ಇಲ್ಲ.

ಮಳೆಯ ಆಟಿ ತಿಂಗಳು ಬಂತು. ಹೊರಗೆ ಬೇಲಿಯ ಗೂಟವೂ ಚಿಗುರುವ ಹೊತ್ತಿಗೆ ಒಳಗೆ ನಮ್ಮ ಸಸ್ಯ ಥಂಡಿ ಹೀರಿ ಜೋತುಬಿತ್ತು, ಮೇಲೆ ಬೂಸ್ಟು ಹಿಡಿಯಿತು. ಬೂಸ್ಟು ಸಸ್ಯವರ್ಗಕ್ಕೆ ಸೇರದ್ದರಿಂದ ಅದನ್ನು ಗಿಡಕ್ಕೆ ಜೀವ ಬಂದ ಪುರಾವೆಯಾಗಿ ಪರಿಗಣಿಸಿಲ್ಲ. ಬಚ್ಚಲ ಒಲೆಯ ದಂಡೆಯಲ್ಲಿಟ್ಟು ಒಣಗಿಸಿದಾಗ ಎಲೆಗಳ ತುದಿ ಕಂದಿ ಮುರುಟಿಕೊಂಡವು. ಸ್ನಾನಕ್ಕೆ ಬಂದ ದೊಡ್ಡಮ್ಮ ಬಗ್ಗಿ ನೋಡಿದರು.

"ಪಾಪ, ಒಣಗಿ ಹೋಗಿದೆಯಲ್ಲ. ನೀರು ಹಾಕುದಿಲ್ವಾ ನೀನು?"

ಇಂಥ ಪ್ರಮಾಣಪತ್ರವನ್ನು ಯಾವ ವಿಶ್ವವಿದ್ಯಾಲಯವೂ ಕೊಡದು ಎಂದು ಪ್ರಬಂಧಕಾರ ಪುಳಕಗೊಳ್ಳುವಷ್ಟರಲ್ಲಿ ಚೊಂಬು ಬಾಗಿಯಾಗಿತ್ತು.