ವಿಶ್ವನಾಥೋಚ್ಛ್ರಾಯ ಕಾಲ ನಿರ್ಣಯ

ಕುಮಾರವ್ಯಾಸ ಯಾವ ಶತಮಾನದವನು ಎಂದು ತೀರ್ಮಾನಿಸಲು ನಮ್ಮ ಪಂಡಿತರು ಆಯುಷ್ಯ ಸವೆಸಿದ್ದಾರೆ. ಅದೇ ಶಿಸ್ತಿನಿಂದ ಬಗೆಹರಿಯಬೇಕಾದ ಇನ್ನೊಂದು ಪ್ರಶ್ನೆ ಶಿವಮೊಗ್ಗ ಜಿಲ್ಲೆಯಲ್ಲಿ ಅನಾಥವಾಗಿ ಬಿದ್ದಿದೆ: ಗುಂಡಪ್ಪ ರಂಗನಾಥ ವಿಶ್ವನಾಥರ ಉಚ್ಛ್ರಾಯ ಕಾಲ ಯಾವುದು? ಜನನದ ಬಗ್ಗೆ ತಕರಾರಿಲ್ಲ: 1949ರ ಫೆಬ್ರವರಿ 12, ಭದ್ರಾವತಿ. ಮೊದಲ ಟೆಸ್ಟ್ 1969ರಲ್ಲಿ ಕಾನ್ಪುರ, ಕೊನೆಯದು 1983ರಲ್ಲಿ ಕರಾಚಿ. ನಡುವೆ 91 ಟೆಸ್ಟ್, 6080 ರನ್, 14 ಶತಕ. ಜಗಳವೆಲ್ಲ ಈ ನಡುವಿನದ್ದೇ.

ಪರದೇಶಗಳಲ್ಲಿ ಈ ಶಾಸ್ತ್ರ ಬಹಳ ಮುಂದುವರಿದಿದೆ. ಮುಹಮ್ಮದ್ ಅಲಿಯ ಉಚ್ಛ್ರಾಯ 1966ರಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರೇ ಸುತ್ತಿನಲ್ಲಿ ಮುಗಿಸಿದ ರಾತ್ರಿಯೋ, 1974ರಲ್ಲಿ ಕಿನ್ಶಾಸಾದಲ್ಲಿ ಫೋರ್ಮನ್‌ನನ್ನು ಕೆಡವಿದ ಬೆಳಗಿನ ಜಾವವೋ ಎಂದು ಅಲ್ಲಿ ಇಂದಿಗೂ ಕಿತ್ತಾಟವಿದೆ. ಅದು ಹೆವಿವೇಟ್ ಬಾಕ್ಸಿಂಗ್. ನಮ್ಮ ವಿಶಿ ಮೈಕಟ್ಟಿನಲ್ಲಿ ಆ ವರ್ಗಕ್ಕೆ ಸೇರುವವರಲ್ಲ. ಅವರ ಪರ ವಾದಿಸುವವರು ಸೇರುತ್ತಾರೆ.

ಈ ವಾದಿಗಳಲ್ಲಿ ಎರಡು ಪಂಥಗಳಿವೆ. ಭದ್ರಾ ಪಂಥದ ನೆಲೆ ಭದ್ರಾವತಿಯ ನ್ಯೂಟೌನ್. ಅನುಯಾಯಿಗಳು ಬಹುತೇಕ ಕಬ್ಬಿಣ ಕಾರ್ಖಾನೆಯ ನಿವೃತ್ತರು. 1923ರಿಂದ ಅದಿರು ಕರಗಿಸಿದ ಊರಾದ್ದರಿಂದ ಇವರು ಶಾಖವೊಂದನ್ನೇ ಪ್ರಮಾಣವೆಂದು ಒಪ್ಪುತ್ತಾರೆ. 1975ರ ಜನವರಿ 11, ಮದ್ರಾಸಿನ ಚೆಪಾಕ್: ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತು ತಂಡವನ್ನು 190ಕ್ಕೆ ಉರುಳಿಸಿದಾಗ ವಿಶಿ ಔಟಾಗದೆ 97. "ಶತಕ ಯಾರು ಬೇಕಾದ್ರೂ ಹೊಡೀತಾರೆ ಸ್ವಾಮಿ, 97 ಹೊಡೆಯೋಕೆ ಭದ್ರಾವತೀಲೇ ಹುಟ್ಟಿರಬೇಕು" ಎಂಬುದು ಪಂಥದ ಮೂಲಸೂತ್ರ. ಬಾಕಿ ಮೂರು ರನ್ ಎಲ್ಲಿ ಎಂದು ಕೇಳಿದರೆ ಕೊನೆಯವರಾಗಿ ಬಂದ ಚಂದ್ರಶೇಖರ್ ಕಡೆ ಬೆರಳು ತೋರಿಸುತ್ತಾರೆ. ಟೆಸ್ಟ್ ಜೀವಮಾನವಿಡೀ 242 ವಿಕೆಟ್ ಪಡೆದು 167 ರನ್ ಮಾತ್ರ ಹೊಡೆದ ಈ ಮಹನೀಯರು ಹುಟ್ಟಿದ್ದು ಮೈಸೂರಿನಲ್ಲಿ. ಆದಕಾರಣ ದೋಷ ಮೈಸೂರಿನದು.

ತುಂಗಾ ಪಂಥ ಶಿವಮೊಗ್ಗದ್ದು, ಗೋಪಿ ಸರ್ಕಲ್‌ ಸುತ್ತಮುತ್ತ ಇದರ ಪ್ರಾಬಲ್ಯ. ಇವರು ಲೆಕ್ಕಿಗರು. ದೊಡ್ಡ ಅಂಕಿ ಎಲ್ಲಿದೆಯೋ ಉಚ್ಛ್ರಾಯ ಅಲ್ಲೇ: 1982ರ ಜನವರಿ, ಅದೇ ಚೆಪಾಕ್, ಇಂಗ್ಲೆಂಡ್ ವಿರುದ್ಧ 222. "ಮರುವರ್ಷವೇ ಆಟ ಮುಗಿಯಿತಲ್ಲ ಮಾರಾಯ್ರೆ, ಅದೆಂಥ ಉಚ್ಛ್ರಾಯ?" ಎಂದರೆ ಇವರು ಕಾಫಿ ತರಿಸುತ್ತಾರೆ.

ಉಪಪಂಥವೊಂದಿದೆ, ಸಣ್ಣದು, ಆದರೆ ಸಜ್ಜನರದು. 1980ರ ಬೊಂಬಾಯಿ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್‌ನನ್ನು ನಾಯಕ ವಿಶಿ ಮರಳಿ ಕರೆದ ಗಳಿಗೆಯೇ ಉಚ್ಛ್ರಾಯ ಎನ್ನುತ್ತಾರೆ. ಟೇಲರ್ ಬೋಥಮ್ ಜೊತೆ ನಿಂತು ಆಡಿದ, ಭಾರತ ಸೋತಿತು. ಈ ಉಪಪಂಥಕ್ಕೆ ಹೊಸ ಸದಸ್ಯರು ಬರುತ್ತಿಲ್ಲ.

ತುಂಗೆಯೂ ಭದ್ರೆಯೂ ಕೂಡ್ಲಿಯಲ್ಲಿ ಸೇರುತ್ತವೆ, ಪಂಥಗಳೂ ಅಲ್ಲೇ ಸೇರಲಿ ಎಂದು ಕೆಲವರ ಸಲಹೆ. ಆದರೆ ಕೂಡ್ಲಿಯಲ್ಲಿ ಅದ್ವೈತದ ಮಠವೂ ಇದೆ, ದ್ವೈತದ ಮಠವೂ ಇದೆ. ನೀರು ಸೇರಿದೆ, ಸಿದ್ಧಾಂತ ಸೇರಿಲ್ಲ.

ಹಾಗಾಗಿ ಪ್ರಸ್ತುತ ಲೇಖಕ ಸ್ಕೋರ್‌ಕಾರ್ಡುಗಳನ್ನೇ ಶಾಸನಗಳೆಂದು ಭಾವಿಸಿ ಅವುಗಳ ತಿಥಿಗಳನ್ನು ಪರಿಶೀಲಿಸಿದ್ದಾನೆ. ವಿಶಿ ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋತಿಲ್ಲ ಎಂಬುದು ಲೋಕವಿದಿತ. ಗೆದ್ದವು ಮಾತ್ರ ನಾಲ್ಕು: 1974ರ ಡಿಸೆಂಬರ್ ಕೊನೆಗೆ ಶುರುವಾದ ಕಲ್ಕತ್ತಾ (139), 1976ರ ಏಪ್ರಿಲ್‌ನ ಪೋರ್ಟ್ ಆಫ್ ಸ್ಪೇನ್ (112), 1979ರ ಜನವರಿಯ ಮದ್ರಾಸ್ (124), 1981ರ ಫೆಬ್ರವರಿಯ ಮೆಲ್ಬರ್ನ್ (114). ನಾಲ್ಕೂ ಉತ್ತರಾಯಣ! ಕಾನ್ಪುರದ ಚೊಚ್ಚಲ 137, ಲಾರ್ಡ್ಸ್‌ನ 113, ಬೆಂಗಳೂರಿನ 161 ಸೇರಿ ದಕ್ಷಿಣಾಯನದ ಶತಕಗಳೆಲ್ಲ ಡ್ರಾ. ಚೊಚ್ಚಲ ಟೆಸ್ಟಿನ ಮೊದಲ ಇನಿಂಗ್ಸ್‌ನ ಸೊನ್ನೆಗೂ ಇಲ್ಲೇ ಕಾರಣ ಸಿಕ್ಕಿತು, ಅದು ನವೆಂಬರ್.

ಕಲ್ಕತ್ತಾ ಟೆಸ್ಟ್ ಸಂಕ್ರಾಂತಿಗೆ ಮೊದಲಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ: ಖಗೋಳದ ಲೆಕ್ಕದಲ್ಲಿ ಉತ್ತರಾಯಣ ಡಿಸೆಂಬರ್ 22ರ ಸುಮಾರಿಗೇ ಬರುತ್ತದೆ. ಚೆಪಾಕ್‌ನ 97ಕ್ಕಾದರೋ ಪಂಚಾಂಗವೇ ಪ್ರಮಾಣ. ಸಂಕ್ರಾಂತಿ ಜನವರಿ 14ಕ್ಕೆ, ವಿಶಿ ಆಡಿದ್ದು 11ಕ್ಕೆ. ಮೂರು ದಿನ ಮುಂಚೆ, ಆದ್ದರಿಂದ ಮೂರು ರನ್ ಕಡಿಮೆ. ಚಂದ್ರಶೇಖರ್ ನಿರ್ದೋಷಿ, ಮೈಸೂರು ದೋಷಮುಕ್ತ. ಒಮ್ಮೆ ಖಗೋಳ, ಒಮ್ಮೆ ಪಂಚಾಂಗ ಹಿಡಿಯುವುದಕ್ಕೆ ಸಂಶೋಧನೆಯಲ್ಲಿ ಬಹುಶಿಸ್ತೀಯ ವಿಧಾನ ಎನ್ನುತ್ತಾರೆ. ಅದೇ ಚೆಪಾಕ್‌ನಲ್ಲಿ ಅದೇ ಸಂಕ್ರಾಂತಿ ಹೊತ್ತಿಗೆ 1973, 1977, 1980ರಲ್ಲೂ ಟೆಸ್ಟುಗಳಾಗಿ, ವಿಶಿ ಬ್ಯಾಟಿನಿಂದ ಶತಕ ಬರಲಿಲ್ಲ. ಆ ಮೂರನ್ನೂ ಪ್ರಕ್ಷಿಪ್ತವೆಂದು ಕೈಬಿಡಲಾಗಿದೆ.

ನಿರ್ಣಯ: ವಿಶ್ವನಾಥರ ಉಚ್ಛ್ರಾಯಕ್ಕೆ ಇಸವಿ ಇಲ್ಲ, ಅಯನ ಇದೆ. ಆಕ್ಷೇಪಣೆಗಳಿದ್ದರೆ ಉಭಯ ಪಂಥದವರೂ ಉತ್ತರಾಯಣದೊಳಗೇ ಬರೆದು ಕಳಿಸಬೇಕು. ದಕ್ಷಿಣಾಯನದಲ್ಲಿ ಕೈಸೇರಿದವನ್ನು ಡ್ರಾ ಎಂದು ಪರಿಗಣಿಸಲಾಗುವುದು.